ಮಡಿಯಲ್ಲಿ ಕೊಯ್ದ ತುರಚಿ

ಜಮಖಂಡಿಯ ನಮ್ಮ ಮನೆಯ ಹಿತ್ತಲು ಒಂದು ಕಳ್ಳಿಬೇಲಿಗೆ ಬಂದು ಮುಗಿಯುತ್ತಿತ್ತು. ಬೇಸಿಗೆಯುದ್ದಕ್ಕೂ ಆ ಬೇಲಿಯ ಕಡೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ರೋಹಿಣಿ ಮಳೆ ಒಂದೆರಡು ಸಲ ಬಿದ್ದು ಮಣ್ಣು ಮೆತ್ತಗಾದ ಮೇಲೆ ಮಾತ್ರ ಅಜ್ಜಿ ದಿನಾ ಬೆಳಿಗ್ಗೆ ತುಳಸಿಗೆ ನೀರು ಹಾಕಿ, ಹಾಗೇ ಬೇಲಿಯ ತನಕ ಹೋಗಿ, ಬಗ್ಗಿ, ಕಳ್ಳಿಯ ಬುಡ ನೋಡಿ ಬರುತ್ತಿದ್ದಳು. ಆ ಬುಡದಿಂದ ದಾರದಂಥ ಬಳ್ಳಿಯೊಂದು ಎದ್ದು ಕಳ್ಳಿಯ ಮೈ ಹಿಡಿದುಕೊಂಡು ಮೇಲೇರುತ್ತಿತ್ತು. ಎಲೆ ನೋಡಲು ಚೆಂದ. ಅಂಚಿಗೆ ಗರಗಸದ ಹಲ್ಲು, ಮೈತುಂಬ ಬೆಳ್ಳಗಿನ ಸಣ್ಣ ರೋಮ. ಎಳೆ ಬಿಸಿಲು ಅಡ್ಡ ಬಿದ್ದಾಗ ಎಲೆಯ ಸುತ್ತ ಬೆಳಕಿನದೇ ಒಂದು ಗೆರೆ ಎಳೆದಂತೆ ಕಾಣುತ್ತಿತ್ತು. ಅದೇ ತುರಚಿ. ಆ ರೋಮ ಒಂದು ಮೈಗೆ ತಾಗಿದರೂ ಸಾಕು, ಮೊದಲು ಸೂಜಿ ಚುಚ್ಚಿದಂತಾಗಿ, ಆಮೇಲೆ ಉರಿದು, ದದ್ದೆದ್ದು, ಕೆರೆದಷ್ಟೂ ಹೆಚ್ಚಾಗುತ್ತಿತ್ತು. ಓಣಿಯ ಮಕ್ಕಳೆಲ್ಲ ಅದನ್ನು ಕಂಡು ದೂರ ಓಡುತ್ತಿದ್ದರು. ನಮ್ಮ ಮನೆಯಲ್ಲಿ ಮಾತ್ರ ಅದನ್ನು ಪಲ್ಯ ಮಾಡಿ ಉಣ್ಣುತ್ತಿದ್ದರು, ಅದರ ನೀರನ್ನು ಬಟ್ಟಲಿನಲ್ಲಿ ಹಾಕಿಕೊಂಡು ಕುಡಿಯುತ್ತಿದ್ದರು.

ಈ ಊಟ ಅಜ್ಜಿಯ ತವರಾದ ಅನಗವಾಡಿಯಿಂದ ಅವಳ ಜೊತೆಗೇ ನಮ್ಮ ಮನೆಗೆ ಬಂದದ್ದು. ಹೊಳೆದಂಡೆಯ ಆ ಊರಿನಲ್ಲಿ ಮಿರಗ ಕೂಡಿದ ದಿನ, ಅಂದರೆ ಮೃಗಶಿರಾ ಮಳೆ ಹುಟ್ಟುವ ದಿನ, ತುರಚಿ ಉಂಡರೆ ಮಳೆಗಾಲ ಮುಗಿಯುವವರೆಗೆ ನೆಗಡಿ, ಕೀಲುನೋವು ಹತ್ತಿರ ಸುಳಿಯುವುದಿಲ್ಲ ಎಂಬ ನಂಬಿಕೆಯಿತ್ತಂತೆ. ಹೊಸ ಸೊಸೆಯಾಗಿ ಬಂದ ಅಜ್ಜಿ ಮೊದಲ ಸಲ ಇದನ್ನು ಬಡಿಸಿದಾಗ ಮನೆಮಂದಿಯೆಲ್ಲ ಎಲೆಯ ಮುಂದೆ ಕೈಕಟ್ಟಿ ಕೂತರಂತೆ, ಅಜ್ಜ ಒಬ್ಬರೇ ತುತ್ತು ಎತ್ತಿದರಂತೆ. ಅಜ್ಜಿ ಈ ಕಥೆಯನ್ನು ಹೇಳುವಾಗಲೆಲ್ಲ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

ತುರಚಿ ಕೊಯ್ಯುವುದು ಮಡಿಯಲ್ಲಿ. ಅಡುಗೆಗೆ ಬರುವ ಪದಾರ್ಥ, ದೇವರಿಗೆ ನೈವೇದ್ಯವಾಗುವುದು, ಮೈಲಿಗೆಯ ಕೈಯಿಂದ ಕಿತ್ತರೆ ನಡೆಯುತ್ತಿರಲಿಲ್ಲ. ನಸುಕಿನಲ್ಲೇ ಸ್ನಾನ ಮಾಡಿ ಮಡಿ ಉಟ್ಟಳೆಂದರೆ ಮಧ್ಯಾಹ್ನದ ಊಟ ಮುಗಿಯುವವರೆಗೆ ಅಜ್ಜಿಯನ್ನು ನಾವು ಯಾರೂ ಮುಟ್ಟುವಂತಿರಲಿಲ್ಲ. ಹಾಗಾಗಿ ಬೇಲಿಯ ಹತ್ತಿರ ನನ್ನ ಪಾಲಿಗೆ ಇದ್ದ ಕೆಲಸ ಎರಡೇ, ನಾಯಿ ಆಡು ಅವಳ ಮೈಮೇಲೆ ಬರದಂತೆ ಕಾಯುವುದು ಮತ್ತು ಮಾತಾಡುವುದು. ಅಂಗೈಗೆ ಔಡಲೆಣ್ಣೆ ಸವರಿಕೊಂಡು, ಹಳೆಯ ರೇಷ್ಮೆ ಸೀರೆಯ ಹರಕನ್ನು ನಾಲ್ಕು ಮಡಿಕೆ ಮಾಡಿ ಬೆರಳಿಗೆ ಸುತ್ತಿ, ಅಜ್ಜಿ ಬಳ್ಳಿಯ ಕುಡಿಯನ್ನಷ್ಟೇ ಚಿವುಟುತ್ತಿದ್ದಳು. ಹೂಬಿಟ್ಟ ಬಳ್ಳಿಗೆ ಕೈ ಹಚ್ಚುತ್ತಿರಲಿಲ್ಲ. ಅದು ನಾರಾಗಿರುತ್ತದೆ, ಗಂಟಲಿಗೆ ಹಿಡಿಯುತ್ತದೆ ಎನ್ನುತ್ತಿದ್ದಳು. ಹತ್ತಿಯ ಬಟ್ಟೆಯಾದರೆ ರೋಮ ಅದರೊಳಗಿಂದ ತೂರಿ ಬರುತ್ತದೆ, ರೇಷ್ಮೆಯ ಒತ್ತು ನೇಯ್ಗೆಯಲ್ಲಿ ಬರುವುದಿಲ್ಲ. ಬೇಲಿಯಾಚೆ ಆಡು ಹೊಡೆದುಕೊಂಡು ಹೋಗುವ ಗಂಗವ್ವ ಪ್ರತಿ ವರ್ಷ ಅಲ್ಲಿ ನಿಂತೇ ಮುಂದೆ ಹೋಗುತ್ತಿದ್ದಳು.

"ಏನ್ ಮಾಡಾಕತ್ತೀರಿ ಅಮ್ಮಾರ? ನಮ್ಮ ಆಡು ಸೈತ ಅದಕ್ಕ ಬಾಯಿ ಹಾಕೂದಿಲ್ಲರಿ."

"ನಿಮ್ಮ ಆಡಿಗೆ ಒಗ್ಗರಣಿ ಹಾಕ್ಲಿಕ್ಕೆ ಬರೂದಿಲ್ಲ, ಗಂಗವ್ವಾ. ಬರ್ತಿದ್ರ ನಮಗ ಉಳಸ್ತಿತ್ತೇನು?"

ಕೊಯ್ದ ಕುಡಿಗಳನ್ನು ಅಜ್ಜಿ ಕೈಯಿಂದ ಮುಟ್ಟದೆ ಚಿಮಟದಿಂದ ಹಿಡಿದು ಮರಳುವ ನೀರಿಗೆ ಬಿಡುತ್ತಿದ್ದಳು. ಬಿದ್ದ ಕ್ಷಣದಲ್ಲೇ ಎಲೆ ಮುದುಡಿ ಕಡುಹಸಿರಾಗುತ್ತಿತ್ತು, ಅಡುಗೆಮನೆಯ ತುಂಬ ಹೊಸ ಮಳೆಗೆ ನೆನೆದ ಹುಲ್ಲಿನ ವಾಸನೆ ಏಳುತ್ತಿತ್ತು. ಒಂದು ಕುದಿ ಬಂದರೆ ಅದರ ಸಿಟ್ಟೆಲ್ಲ ಇಳಿಯಿತು. ಆಮೇಲೆ ಅದು ಪಾಲಕ್‌ನಷ್ಟೇ ಸಾಧು. ನೀರನ್ನು ಬಸಿದು, ಜೀರಿಗೆ, ಮೆಣಸು, ಚೂರು ಬೆಲ್ಲ ಹಾಕಿ ಮತ್ತೆ ಕುದಿಸಿ, ಮೇಲೊಂದು ಹನಿ ತುಪ್ಪ ಬಿಟ್ಟರೆ ಅದು ಕುಡಿಯುವ ಕಟ್ಟು. ಎಲೆಯನ್ನು ಹೆಚ್ಚಿ, ಬೆಂದ ಹೆಸರುಬೇಳೆ, ಹಿಡಿಯಷ್ಟು ಜೋಳದ ನುಚ್ಚು, ಹುಣಸೆಹುಳಿ ಕೂಡಿಸಿ, ಇಂಗು ಒಣಮೆಣಸಿನಕಾಯಿಯ ಒಗ್ಗರಣೆ ಕೊಟ್ಟರೆ ಪಲ್ಯ. ಬಿಸಿ ಜೋಳದ ರೊಟ್ಟಿಯ ಮೇಲೆ ಹಾಕಿಕೊಂಡು ಬೆಣ್ಣೆ ಹಚ್ಚಿ ಉಂಡರೆ ನಾಲಿಗೆಗೆ ಸ್ವಲ್ಪ ಒಗರು, ಹಿಂದಿನಿಂದ ಸಿಹಿ. ನಾನು ಮುಂದೆ ಎಷ್ಟೋ ಊರುಗಳಲ್ಲಿ ಸಂಸಾರ ಮಾಡಿದೆ. ಎಷ್ಟೋ ಸೊಪ್ಪು ಬೇಯಿಸಿದೆ. ಆ ಹಿಂದಿನಿಂದ ಬರುವ ಸಿಹಿ ಬೇರೆ ಯಾವುದರಲ್ಲೂ ಸಿಗಲಿಲ್ಲ.

ನಾನು ಮನೆ ಬಿಟ್ಟ ವರ್ಷ ಮಿರಗದ ಹಿಂದಿನ ದಿನ ಅವ್ವನ ತಂಗಿ ಶಾಂತಾ ಮಾವಶಿ, ಅವಳ ಯಜಮಾನರಾದ ಕಾಕಾ, ಇಬ್ಬರೂ ಬೆಳಗಾವಿಯಿಂದ ಬಂದರು. ಅವರು ಬಂದದ್ದು ನನ್ನನ್ನು ಕರೆದೊಯ್ಯುವುದಕ್ಕೆ. ಅವರ ಮನೆಯ ಹತ್ತಿರ ಸಿಸ್ಟರುಗಳು ನಡೆಸುವ ಕಾನ್ವೆಂಟ್ ಇತ್ತು. ನಮ್ಮಂಥ ಕನ್ನಡ ಸಾಲೆಯ ಹುಡುಗಿಯರನ್ನೂ ಅಲ್ಲಿ ತೆಗೆದುಕೊಳ್ಳುತ್ತಿದ್ದರು, ಆದರೆ ವಯಸ್ಸು ಮೀರಿರಬಾರದು. ನನಗೆ ಅದೇ ಕೊನೆಯ ವರ್ಷ. ಅವ್ವನಿಗೆ ನಾನು ಹೋಗಲೇಬೇಕೆಂದಿತ್ತು. ಸಣ್ಣವಳಿದ್ದಾಗ ಮರಾಠಿ ಸಾಲೆಗೆ ಹೋಗುತ್ತಿದ್ದ ಅವಳನ್ನು ನಡುವೆಯೇ ಬಿಡಿಸಿ ಮದುವೆ ಮಾಡಿದ್ದರು. ಹಳೆಯ ಮರಾಠಿ ಪತ್ರಿಕೆಯ ಹಾಳೆಯಲ್ಲಿ ಬೆಲ್ಲ ಕಟ್ಟಿ ಬಂದರೆ, ಬೆಲ್ಲ ಡಬ್ಬಿಗೆ ಹಾಕಿ, ಹಾಳೆಯನ್ನು ಮೊಣಕಾಲ ಮೇಲೆ ತೀಡಿ ನೇರಮಾಡಿ ಓದುತ್ತಿದ್ದಳು. ಅಪ್ಪ ಬೀಳಗಿಯ ಕಚೇರಿಯಲ್ಲಿ ನೌಕರಿಯ ಮೇಲಿದ್ದವರು, ಈ ಮಾತನ್ನು ಅಜ್ಜನಿಗೇ ಬಿಟ್ಟಿದ್ದರು. ಅಜ್ಜ ಸಂಸ್ಥಾನದ ದಫ್ತರದಲ್ಲಿ ಕಾರಕೂನರಾಗಿದ್ದವರು. ಸಂಸ್ಥಾನ ಮುಂಬೈ ಸರ್ಕಾರದಲ್ಲಿ ಕೂಡಿದ ಮೇಲೆ ಮನೆಯಲ್ಲಿದ್ದರು, ಆದರೆ ದಫ್ತರದ ಶಿಸ್ತನ್ನು ಬಿಟ್ಟು ಬಂದಿರಲಿಲ್ಲ. ಅವರು ಒಮ್ಮೆ ಇಲ್ಲವೆಂದರೆ ಆ ವಿಷಯ ಕಟ್ಟಿಟ್ಟಂತೆಯೇ. ಮಾವಶಿ ಸಂಜೆ ಪಡಸಾಲೆಯಲ್ಲಿ ಮಾತು ತೆಗೆದಳು.

"ಮಾಮಾ, ಹೊಳಿ ಏರೂದರೊಳಗ ನಾವು ದಾಟಬೇಕು. ನಾಡದು ನಸುಕಿನ್ಯಾಗ ಹೊರಟು ರೈಲು ಹಿಡೀತೀವಿ. ಸುಧಾನ್ನ ಕಳಸ್ತೀರಿ ಹೌದಲ್ರಿ?"

"ನಾಳೆ ಊಟ ಆದಮ್ಯಾಲ ಹೇಳ್ತೀನಿ," ಎಂದರು ಅಜ್ಜ.

ಒಳಗಿನಿಂದ ಅಜ್ಜಿಯ ದನಿ ಬಂತು. ಅವಳು ಅಕ್ಕಿ ಆರಿಸುತ್ತ ಕೂತಿದ್ದಳು.

"ಹೇಳೂದೇನದ ಅದರಾಗ. ಹುಡುಗಿ ಇಲ್ಲೇ ಇರ್ಲಿ. ಪರವೂರಿನ ನೀರು ಅಕಿಗೆ ಹತ್ತೂದಿಲ್ಲ."

ನೀರಿನ ಮಾತು ನೆಪ. ಆ ಸಂಜೆ ನಾನು ಹಿತ್ತಲಿನ ಬಾವಿಕಟ್ಟೆಗೆ ಹೋದಾಗ ಅಜ್ಜಿ ಹಿಂದೆಯೇ ಬಂದಳು. ಸಂಜೆಯ ಹೊತ್ತು, ಮಡಿ ಇರಲಿಲ್ಲ, ನನ್ನ ಜಡೆ ಬಿಚ್ಚಿ ಮತ್ತೆ ಹಾಕತೊಡಗಿದಳು. ಹಾಕಿದ್ದ ಜಡೆ ಚೆನ್ನಾಗಿಯೇ ಇತ್ತು.

"ನೀ ಹೋದ್ರ ಬೇಲಿ ತನಕ ನನ್ನ ಜೋಡಿ ಯಾರು ಬರ್ತಾರ?" ಎಂದಳು. "ನಿಮ್ಮವ್ವ ಬರ್ತಾಳ, ಖರೆ. ಆದ್ರ ಅಕಿಗೆ ಮಾತಾಡ್ಲಿಕ್ಕೆ ಬರೂದಿಲ್ಲ."

ನನಗೆ ಹೋಗಬೇಕೆಂದಿತ್ತು. ಮಾವಶಿ ತನ್ನ ಓಣಿಯ ಹುಡುಗಿಯರ ನೀಲಿ ಲಂಗ, ಬಿಳಿಯ ಕಾಲುಚೀಲ, ಪಿಯಾನೋ ಇರುವ ದೊಡ್ಡ ಕೋಣೆ ಇವುಗಳ ಬಗ್ಗೆ ಹೇಳಿದ್ದಳು. ನಾನು ಪಿಯಾನೋ ನೋಡಿರಲಿಲ್ಲ, ನಮ್ಮ ಗೋಧಿ ತುಂಬಿಡುವ ನೆಲದೊಳಗಿನ ಹಗೇವಿನ ಹಾಗೆ ಮುಚ್ಚಳ ಇರುವ ಏನೋ ಒಂದು ಎಂದುಕೊಂಡಿದ್ದೆ. ಜಡೆ ಹಾಕುತ್ತಿದ್ದ ಅಜ್ಜಿಯ ಕೈ ತಲೆಯ ಮೇಲಿದ್ದಾಗ ಹೋಗುತ್ತೇನೆ ಎನ್ನುವ ಶಬ್ದ ಬಾಯಿಗೆ ಬರಲಿಲ್ಲ.

ಮರುದಿನ ಮಿರಗ. ಅಜ್ಜಿ ಎಂದಿನಂತೆ ಮಡಿ ಉಟ್ಟು ಔಡಲೆಣ್ಣೆ ಸವರಿಕೊಂಡಳು, ಮೊಳೆಗೆ ತೂಗುಹಾಕಿದ್ದ ರೇಷ್ಮೆಯ ಹರಕಿಗೆ ಕೈ ಚಾಚಿದಳು. ಅದು ಇರಲಿಲ್ಲ. ಇಲಿ ಒಯ್ದು ಅಟ್ಟದ ಮೂಲೆಯಲ್ಲಿ ಗೂಡು ಕಟ್ಟಿಕೊಂಡಿತ್ತು. ಅಜ್ಜಿ ಸ್ವಲ್ಪ ಹೊತ್ತು ಖಾಲಿ ಮೊಳೆಯನ್ನು ನೋಡುತ್ತ ನಿಂತಳು. ಉಟ್ಟಿದ್ದ ರೇಷ್ಮೆ ಸೀರೆಯ ಸೆರಗನ್ನು ಬಳಸಿದರೆ ಆಮೇಲೆ ಅದೇ ಸೀರೆಯಲ್ಲಿ ಒಲೆಯ ಮುಂದೆ ಕೂರಬೇಕು. ಅವಳ ಕಣ್ಣು ಮೇಲಕ್ಕೆ ಹೋಯಿತು. ದೇವರಕೋಣೆಯ ಮಾಡಿನಿಂದ ಇಳಿಬಿಟ್ಟ ಗಳದ ಮೇಲೆ ಅಜ್ಜನ ಮುಗುಟ ಇತ್ತು. ಮುಗುಟ ಎಂದರೆ ಪೂಜೆಗೆ, ಊಟಕ್ಕೆ ಮಾತ್ರ ಉಡುವ ರೇಷ್ಮೆಯ ಧೋತರ. ಅದನ್ನು ಕೈಯಿಂದ ಮುಟ್ಟದೆ ಮಡಿಕೋಲಿನಿಂದ ಇಳಿಸುವುದು, ಮಡಿಕೋಲಿನಿಂದಲೇ ಏರಿಸುವುದು. ರೇಷ್ಮೆಗೆ ಮೈಲಿಗೆ ಇಲ್ಲವೆಂದು ಅದನ್ನು ದಿನಾ ಒಗೆಯುವ ಪದ್ಧತಿಯೂ ಇರಲಿಲ್ಲ. ಅಜ್ಜಿ ಮಡಿಕೋಲು ಎತ್ತಿ ಮುಗುಟವನ್ನು ಇಳಿಸಿಕೊಂಡಳು. ನನ್ನ ಕಡೆ ನೋಡಿ, "ಮಡೀ ಕೆಲಸಕ್ಕ ಮಡೀ ಬಟ್ಟಿನ ಅಲ್ಲೇನು," ಎಂದಳು. ಬೇಲಿಯಲ್ಲಿ ಕೆಲಸ ಮುಗಿದ ಮೇಲೆ ಮುಗುಟವನ್ನು ಗಾಳಿಗೆ ಹಿಡಿದು ಜೋರಾಗಿ ಝಾಡಿಸಿ, ಮೊದಲಿದ್ದ ಹಾಗೆಯೇ ನಿರಿಗೆ ಕೂಡಿಸಿ ಗಳಕ್ಕೆ ಏರಿಸಿದಳು. ಹೊರಗಿನವರ ಕಣ್ಣಿಗೆ ಅದು ಅಲ್ಲಿಂದ ಕದಲಿಯೇ ಇರಲಿಲ್ಲ.

ಆ ದಿನದ ಪೂಜೆಯನ್ನು ಓಣಿಯ ಗುಡಿಯ ಅರ್ಚಕರೇ ಬಂದು ಮುಗಿಸಿದ್ದರು, ಕಾರಣ ಅಜ್ಜ ಕಾಕಾರ ಜೊತೆ ಪೇಟೆಗೆ ಹೋಗಿ ತಡವಾಗಿ ಬಂದಿದ್ದರು. ಬಂದವರು ಸ್ನಾನ ಮಾಡಿ, ಮುಗುಟ ಉಟ್ಟು, ನೇರವಾಗಿ ಮಣೆಯ ಮೇಲೆ ಕೂತರು. ಪಕ್ಕದಲ್ಲಿ ಕಾಕಾ. ಅಜ್ಜ ಊಟದಲ್ಲಿ ಮೌನ ಪಾಲಿಸುತ್ತಿದ್ದರು. ಆಪೋಶನ ತೆಗೆದುಕೊಂಡ ಮೇಲೆ ಕೈತೊಳೆಯುವವರೆಗೆ ಒಂದು ಅಕ್ಷರ ಆಡುತ್ತಿರಲಿಲ್ಲ. ಪಂಕ್ತಿಯಲ್ಲಿ ಒಬ್ಬರು ಎದ್ದರೆ ಎಲ್ಲರ ಊಟವೂ ಅಲ್ಲಿಗೇ ಮುಗಿಯಿತು, ಅತಿಥಿ ಅರ್ಧ ಹೊಟ್ಟೆಯಲ್ಲಿ ಏಳಬೇಕು. ಎಲೆಯಲ್ಲಿ ಏನನ್ನೂ ಬಿಡುವಂತಿಲ್ಲ. ಇಷ್ಟು ನಿಯಮಗಳ ನಡುವೆ ಅಜ್ಜ ಕೂತಿದ್ದರು.

ಮೊದಲ ರೊಟ್ಟಿಗೇ ಅವರ ಹುಬ್ಬು ಮೇಲೇರಿತು. ಬಲಮೊಣಕಾಲನ್ನು ಸ್ವಲ್ಪ ಎತ್ತಿ ಇಳಿಸಿದರು. ಎಡಮೊಣಕಾಲನ್ನು ಎತ್ತಿ ಇಳಿಸಿದರು. ಮಣೆಯ ಮೇಲೆ ಹಿಂದೆ ಸರಿದು ಮುಂದೆ ಬಂದರು. ಆಮೇಲೆ ಎಂದೂ ಇಲ್ಲದ ಅವಸರದಲ್ಲಿ ಪಲ್ಯವನ್ನು ಬಾಚಿ ಬಾಚಿ ಉಣ್ಣತೊಡಗಿದರು. ಬಡಿಸುತ್ತಿದ್ದ ಅಜ್ಜಿಯ ಮುಖ ಅರಳಿತು. ತುರಚಿ ಪಲ್ಯ ಈ ವರ್ಷ ಅಷ್ಟು ರುಚಿಯಾಗಿದೆ ಎಂದುಕೊಂಡು, ಅಜ್ಜ ಕೈ ಅಡ್ಡ ಹಿಡಿಯುವುದರೊಳಗೆ ದೊಡ್ಡ ಸೌಟು ತುಂಬಿ ಮತ್ತೆ ಬಡಿಸಿದಳು. ಅಜ್ಜ ಅವಳನ್ನು ನೋಡಿದ ನೋಟ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕಾಕಾ ಪಾಪ, ನಿಧಾನವಾಗಿ ಉಣ್ಣುವ ಮನುಷ್ಯ, ಒಂದೊಂದು ತುತ್ತನ್ನೂ ಹೊಗಳಿ, ಕಟ್ಟನ್ನು ಎರಡನೆಯ ಸಲ ಕೇಳಿ ಹಾಕಿಸಿಕೊಂಡರು. ಅಜ್ಜನ ಹಣೆಯ ಮೇಲೆ ಬೆವರು ಹನಿಗಟ್ಟಿತ್ತು. ನನಗೆ ಕಾರಣ ಹೊಳೆದದ್ದು ಆಗ. ಕಂಬ ಹಿಡಿದುಕೊಂಡು ನಿಂತೆ.

ಕಾಕಾರ ಕೊನೆಯ ಮಜ್ಜಿಗೆ ಅನ್ನ ಮುಗಿಯುತ್ತಲೇ ಅಜ್ಜ ಎದ್ದು ಬಚ್ಚಲಿಗೆ ಹೋದರು. ಬಿಂದಿಗೆ ಬಿಂದಿಗೆ ನೀರು ಸುರಿದುಕೊಳ್ಳುವ ಸದ್ದು ಕೇಳಿತು. ಹೊರಗೆ ಬಂದಾಗ ಹತ್ತಿಯ ಧೋತರ ಉಟ್ಟಿದ್ದರು, ಕೈಯಲ್ಲಿ ಮಡಿಕೋಲು, ಕೋಲಿನ ತುದಿಗೆ ಸತ್ತ ಹಾವಿನ ಹಾಗೆ ಜೋತುಬಿದ್ದ ಮುಗುಟ. ಅದರ ಅಂಚಿನಲ್ಲಿ ಹಲ್ಲಿನಂಚಿನ ಎಲೆಯ ಚೂರೊಂದು ಸಿಕ್ಕಿಕೊಂಡಿತ್ತು.

"ಇದನ್ನ ಯಾರು ಮುಟ್ಟಿದವರು?"

ಅವ್ವ ನನ್ನ ಕಡೆ ನೋಡಿದಳು. ಅವಳಿಗೆ ನನ್ನ ಮೇಲೆ ಸಂಶಯ ಬರಲು ಕಾರಣವಿತ್ತು. ಆಗಷ್ಟೇ ಕೆಲವು ದಿನಗಳ ಹಿಂದೆ ನಾನು ಅದೇ ಮಡಿಕೋಲು ಒಯ್ದು ಹುಣಸೆಕಾಯಿ ಬಡಿದು ಎಲ್ಲರಿಂದ ಬೈಸಿಕೊಂಡಿದ್ದೆ. ಅವ್ವನ ನೋಟವನ್ನು ಅಜ್ಜನೂ ಕಂಡರು.

"ನೀ ಏನ, ಸುಧೀ?"

ನಾನು ಅಲ್ಲ ಎನ್ನಬಹುದಿತ್ತು. ಅಲ್ಲ ಎಂದರೆ ಮುಂದಿನ ಪ್ರಶ್ನೆ, ಮತ್ತೆ ಯಾರು? ಅಡುಗೆಮನೆಯ ಬಾಗಿಲಲ್ಲಿ ಅಜ್ಜಿ ನಿಂತಿದ್ದಳು, ಕೈಯಲ್ಲಿ ಸೌಟು ಹಾಗೇ ಇತ್ತು. ಓಣಿಯ ಹೆಂಗಸರು ಮಡಿಯ ವಿಷಯಕ್ಕೆ ಏನೇ ಸಂಶಯ ಬಂದರೂ ಅವಳನ್ನೇ ಬಂದು ಕೇಳುತ್ತಿದ್ದರು. ಬೀಗರ ಮುಂದೆ, ಅಳಿಯನಂಥ ಕಾಕಾರ ಮುಂದೆ, ಅವಳ ಹೆಸರನ್ನು ನನ್ನ ಬಾಯಿಂದ ತೆಗೆಯುವುದು ಆಗಲಿಲ್ಲ. ತಲೆ ಕೆಳಗೆ ಹಾಕಿದೆ. ನೆಲದ ಸಗಣಿಸಾರಣೆಯಲ್ಲಿ ಅವ್ವನ ಬೆರಳಿನ ಗೆರೆಗಳು ಅರ್ಧಚಂದ್ರದ ಹಾಗೆ ಕಾಣುತ್ತಿದ್ದವು.

"ನೋಡಿದ್ಯೇನು ಶಾಂತಾ," ಎಂದರು ಅಜ್ಜ. ದನಿ ಏರಿರಲಿಲ್ಲ, ದಫ್ತರದಲ್ಲಿ ಅರ್ಜಿ ಹಿಂದಕ್ಕೆ ಕೊಡುವ ದನಿ. "ದೇವರ ಬಟ್ಟಿ ಜೋಡಿ ಹುಡುಗಾಟ ಆಡೂ ಹುಡುಗಿನ್ನ ಪರರ ಮನಿಗೆ ಹ್ಯಾಂಗ ಕಳಸೂದು? ನಾಳೆ ನಿನಗ ಮಾತು ಬರ್ತದ. ಮುಂದಿನ ವರ್ಷ ನೋಡೋಣಂತ."

ಮುಂದಿನ ವರ್ಷ ಎಂದರೆ ಇಲ್ಲ ಎಂದೇ ಅರ್ಥ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅವ್ವ ನನ್ನ ಮೇಲಿನ ನೋಟ ತೆಗೆದು ಕಿಟಕಿಯ ಕಡೆ ತಿರುಗಿಕೊಂಡಳು. ಬೆನ್ನು ಮಾತ್ರ ಕಾಣುತ್ತಿತ್ತು, ಆ ಬೆನ್ನನ್ನು ನೋಡಿ ನನಗೆ ಅಳು ಬಂತು. ಅಜ್ಜಿ ಬಯಸಿದ್ದು ಕೈಗೆ ಬಂದು ಬಿದ್ದಿತ್ತು. ಅವಳು ಸುಮ್ಮನೆ ಒಳಗೆ ಹೋಗಿ ಹೆಂಗಸರ ಊಟಕ್ಕೆ ಎಲೆ ಹಾಕಿದ್ದರೆ ಸಾಕಿತ್ತು.

ಅಜ್ಜಿ ಸೌಟನ್ನು ಹೊಸ್ತಿಲ ಪಕ್ಕಕ್ಕೆ ಇಟ್ಟಳು.

"ಅಕಿ ಅಲ್ಲ," ಎಂದಳು. "ನಾನು."

ಅಜ್ಜ ತಿರುಗಿ ನೋಡಿದರು.

"ಹರಕು ಇಲಿ ಒಯ್ದಿತ್ತು. ಅದಕ್ಕ ನಿಮ್ಮ ಮುಗುಟಾ ಹಿಡಕೊಂಡು ತುರಚಿ ಕೊಯ್ದೆ. ಝಾಡಿಸಿದ್ದೆ. ಹೋಗಿರ್ತದ ಅಂದ್ಕೊಂಡಿದ್ದೆ."

"ನೀ?"

"ಹೂಂ. ಹುಡುಗಿ ಅಲ್ಲೇ ನಿಂತಿತ್ತು, ನೋಡೇದ. ಆದ್ರೂ ಸುಮ್ಮನ ನಿಂತದ ನೋಡ್ರಿ." ಮಾವಶಿಯ ಕಡೆ ಕೈ ಮಾಡಿ, "ಇಂಥಾಕಿ ಬಗ್ಗೆ ಶಾಂತಾಗ ಯಾರ ಮಾತೂ ಬರೂದಿಲ್ಲ," ಎಂದಳು.

ಕಾಕಾ ಅಡಿಕೆ ಕತ್ತರಿಸುವುದರಲ್ಲಿ ಮುಳುಗಿಹೋದವರಂತೆ ಕೂತರು. ಮಾವಶಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು, ಅವಳ ಹೆಗಲು ಕುಣಿಯುತ್ತಿತ್ತು. ಅಜ್ಜ ಕೋಲಿನ ತುದಿಯ ಮುಗುಟವನ್ನು ನೋಡಿದರು, ಅಜ್ಜಿಯನ್ನು ನೋಡಿದರು.

"ಮ್ಯಾಲ ಇನ್ನೊಂದು ಸೌಟು ಬಡಿಸಿದ್ಯಲ್ಲ."

"ನೀವು ಅಷ್ಟು ಅವಸರಲೆ ಉಣ್ಣಲಿಕ್ಕತ್ತಿದ್ರಿ. ಬೇಕಾಗೇದ ಅಂದ್ಕೊಂಡೆ."

ಅಜ್ಜನ ಮೀಸೆಯ ತುದಿ ಅಲುಗಿತು. ಅವರು ನಗುವುದು ಅಷ್ಟೇ. ಕೋಲನ್ನು ಗೋಡೆಗೆ ಆನಿಸಿ, ತೊಡೆಯನ್ನು ಧೋತರದ ಮೇಲಿನಿಂದಲೇ ಒಮ್ಮೆ ಉಜ್ಜಿಕೊಂಡು, "ಪಲ್ಯ ಛಲೋ ಆಗಿತ್ತು," ಎಂದರು. ಒಳಗೆ ಹೋಗುತ್ತ ಅವ್ವನ ಬೆನ್ನಿಗೆ ಹೇಳಿದರು, "ಹುಡುಗಿ ಬಟ್ಟಿ ಕಟ್ರಿ. ಹೊಳಿ ಏರಿದ್ರ ಮತ್ತ ತ್ರಾಸ."

ಮಧ್ಯಾಹ್ನವೆಲ್ಲ ಅಜ್ಜ ಔಡಲೆಣ್ಣೆ ಹಚ್ಚಿಕೊಂಡು ಮಲಗಿದ್ದರು. ಅವ್ವ ನನ್ನ ಲಂಗ-ಪರಕಾರಗಳ ಅಂಚು ಬಿಚ್ಚಿ ಉದ್ದ ಮಾಡಿದಳು, ಹೊಲಿಯುತ್ತ ಮರಾಠಿಯಲ್ಲಿ ಏನೋ ಗುನುಗುತ್ತಿದ್ದಳು. ಅಜ್ಜಿ ನನ್ನ ಹತ್ತಿರ ಬರಲಿಲ್ಲ. ಅವಲಕ್ಕಿ ಹಚ್ಚುವ ಕೆಲಸ ತೆಗೆದುಕೊಂಡು ಕೂತಳು. ಖಾರ ಹಚ್ಚಿದ ಅವಲಕ್ಕಿ ಡಬ್ಬಿ ತುಂಬಿತು, ಆಮೇಲೆ ಗುಳ್ಳಡಕಿಯ ಸಿಹಿ ಉಂಡೆ ಕಟ್ಟಿದಳು, ಅದರ ಡಬ್ಬಿಯೂ ತುಂಬಿತು. ಮಾವಶಿ, "ಅತ್ತೀ, ಬೆಳಗಾವ್ಯಾಗ ಬರಗಾಲ ಬಿದ್ದಿಲ್ಲ," ಎಂದರೂ ಕೇಳಲಿಲ್ಲ.

ಮರುದಿನ ಬೆಳಕು ಹರಿಯುವ ಮೊದಲೇ ಹೊಳೆಯ ತನಕ ಹೋಗುವ ಗಾಡಿ ಬಾಗಿಲಿಗೆ ಬಂತು. ಮೋಡ ಕವಿದಿತ್ತು. ಎತ್ತುಗಳ ಕೊರಳಿನ ಗಂಟೆ ಬಿಟ್ಟರೆ ಓಣಿಯಲ್ಲಿ ಸದ್ದಿರಲಿಲ್ಲ. ನಾನು ಅಜ್ಜನಿಗೆ ನಮಸ್ಕಾರ ಮಾಡಿದೆ, ಅವ್ವನಿಗೆ ಮಾಡಿದೆ. ಆಮೇಲೆ ಅಜ್ಜಿಯ ಮುಂದೆ ದೂರದಿಂದಲೇ ನೆಲಕ್ಕೆ ಹಣೆ ಹಚ್ಚಿದೆ. ಆ ಹೊತ್ತಿಗೆ ಅವಳು ಮಡಿ ಉಟ್ಟು ಆಗಿರುತ್ತದೆ, ಪ್ರವಾಸದ ಬಟ್ಟೆಯಲ್ಲಿ ಮುಟ್ಟಬಾರದೆಂದು ನನಗೆ ಗೊತ್ತಿತ್ತು. ಏಳುವಷ್ಟರಲ್ಲಿ ಎರಡು ಕೈ ನನ್ನ ಭುಜ ಹಿಡಿದು ಎತ್ತಿದವು. ಅಜ್ಜಿ ರಾತ್ರಿ ಉಟ್ಟ ಸೀರೆಯಲ್ಲೇ ಇದ್ದಳು. ಹಣೆಯಲ್ಲಿ ನಿನ್ನೆಯ ಕುಂಕುಮ ಹಾಗೇ ಇತ್ತು, ಕೂದಲು ಒಣಗಿತ್ತು. ಅವ್ವ ಬುತ್ತಿಯ ಗಂಟು ಹಿಡಿದು ಬಂದವಳು ಅಲ್ಲೇ ನಿಂತಳು.

"ಅತ್ತಿಯವರ, ಇನ್ನೂ ಸ್ನಾನ ಆಗಿಲ್ಲೇನ್ರಿ?"

"ಆಗ್ತದ," ಎಂದಳು ಅಜ್ಜಿ. "ಏನು ಅವಸರ ಅದ?"

ಅವಳ ಬೆರಳುಗಳ ನಡುವೆ ಸಣ್ಣ ಕೆಂಪು ದದ್ದುಗಳಿದ್ದವು. ಅದೇ ಕೈಯಿಂದ ನನ್ನ ಕೈ ಹಿಡಿದುಕೊಂಡು ಗಾಡಿಯ ತನಕ ನಡೆದು ಬಂದಳು. ಗಾಡಿಯವನು ಎತ್ತುಗಳನ್ನು ಮತ್ತೆ ನೊಗಕ್ಕೆ ಕಟ್ಟಿ ಮುಗಿಸಿದರೂ ಅಜ್ಜಿ ಕೈ ಬಿಡಲಿಲ್ಲ.